ಐದನೆಯ ವರ್ಷಕ್ಕೆ ಮುಚ್ಚಿದ ಫೈಲು

ಮಕ್ಕಳ ಶಸ್ತ್ರಚಿಕಿತ್ಸಕರಿಗೆ, ಮೂತ್ರರೋಗ ತಜ್ಞರಿಗೆ ಮತ್ತು ಆ ವಿಭಾಗಗಳ ಆಡಳಿತ ಹೊತ್ತವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಹೈಪೋಸ್ಪೇಡಿಯಾಸ್‌ನೊಂದಿಗೆ, ಎಂದರೆ ಮೂತ್ರದ್ವಾರ ಶಿಶ್ನದ ತುದಿಯಲ್ಲಿರದೆ ಅಡಿಭಾಗದಲ್ಲಿ ಎಲ್ಲೋ ಇರುವ ಸ್ಥಿತಿಯಲ್ಲಿ ಹುಟ್ಟಿ, ಮಾತು ಬರುವ ಮೊದಲೇ ನಿಮ್ಮ ಮೇಜಿನ ಮೇಲೆ ಮಲಗಿ ಎದ್ದವರಲ್ಲಿ ನಾನೂ ಒಬ್ಬ. ನಿಮ್ಮ ಕೈಗುಣದ ಬಗ್ಗೆ ದೂರು ಹೇಳಲು ಈ ಪತ್ರ ಬರೆಯುತ್ತಿಲ್ಲ. ನನ್ನ ತಕರಾರು ಬೇರೆ. ನೀವು ನಮ್ಮ ಫೈಲನ್ನು ತೀರಾ ಬೇಗ ಮುಚ್ಚುತ್ತೀರಿ. ಗಾಯ ಮಾಯಿತು, ಮೂತ್ರ ನೇರವಾಗಿ ಬಂತು, ಒಂದೆರಡು ಸಲ ನೋಡಿದಿರಿ, ‘ಇನ್ನು ಬರಬೇಕಾಗಿಲ್ಲ’ ಎಂದು ಬರೆದಿರಿ. ಶಾಲೆಗೆ ಸೇರುವ ಹೊತ್ತಿಗೆ ಹುಡುಗ ನಿಮ್ಮ ಲೆಕ್ಕದಲ್ಲಿ ಗುಣವಾದವನು. ಆದರೆ ಆ ದೇಹ ಇನ್ನೂ ಹತ್ತು ಹನ್ನೆರಡು ವರ್ಷ ಬೆಳೆಯಲಿಕ್ಕಿದೆ, ನೀವು ಕಟ್ಟಿಕೊಟ್ಟ ನಾಳವೂ ಅದರ ಜೊತೆಗೇ ಬೆಳೆಯಬೇಕಾಗಿದೆ. ಅದು ಬೆಳೆಯಿತೋ ಇಲ್ಲವೋ ಎಂದು ನೋಡಲು ಆಗ ಯಾರೂ ಇರುವುದಿಲ್ಲ.

ನಾನು ಕೇಳುತ್ತಿರುವುದು ಹೆಚ್ಚೇನಲ್ಲ. ಹುಡುಗ ಪ್ರಾಯಕ್ಕೆ ಬಂದು ಬೆಳವಣಿಗೆ ಮುಗಿಯುವವರೆಗೆ ಅವನನ್ನು ಆಗಾಗ ಕರೆದು ನೋಡಿ. ಅವನ ಮೇಲೆ ಏನೇನು ಮಾಡಲಾಯಿತು ಎಂಬುದನ್ನು ಅವನಿಗೇ ಅರ್ಥವಾಗುವ ಹಾಗೆ ಬರೆದು ಅವನ ಕೈಗೆ ಕೊಡಿ. ಯಾಕೆ ಎನ್ನುವುದನ್ನು ಹೇಳಲು ಸ್ವಲ್ಪ ಉದ್ದವಾಗಿಯೇ ಬರೆಯಬೇಕಾಗುತ್ತದೆ.

ಪತ್ರ ಬಹಿರಂಗವಾದ್ದರಿಂದ ತಂದೆತಾಯಂದಿರೂ ಓದುತ್ತಾರೆ. ಅವರಿಗಾಗಿ, ನಿಮಗೆ ಗೊತ್ತಿರುವುದನ್ನೇ ಇಲ್ಲಿ ಹೇಳುತ್ತೇನೆ. ಗರ್ಭದಲ್ಲಿ ಸುಮಾರು 8ನೆಯ ವಾರದವರೆಗೆ ಗಂಡು ಹೆಣ್ಣು ಎರಡೂ ಭ್ರೂಣಗಳ ಹೊರ ಜನನಾಂಗ ಒಂದೇ ತೆರನಾಗಿರುತ್ತದೆ. ಆಮೇಲೆ ಗಂಡುಮಗುವಿನ ವೃಷಣಗಳಿಂದ ಬರುವ ಹಾರ್ಮೋನುಗಳ ಪ್ರಭಾವದಲ್ಲಿ ಶಿಶ್ನದ ಅಡಿಭಾಗದಲ್ಲಿರುವ ತೆರೆದ ತೋಡಿನ ಎರಡು ಅಂಚುಗಳು ಬುಡದಿಂದ ತುದಿಯ ಕಡೆಗೆ ಕೂಡಿಕೊಳ್ಳುತ್ತಾ ಹೋಗಿ ಮೂತ್ರನಾಳವಾಗುತ್ತವೆ. ಈ ಕೂಡುವಿಕೆ ನಡುವೆ ಎಲ್ಲಿ ನಿಂತಿತೋ ಅಲ್ಲಿಯೇ ಮೂತ್ರದ್ವಾರ ಉಳಿದುಬಿಡುತ್ತದೆ. ಅದೇ ಹೈಪೋಸ್ಪೇಡಿಯಾಸ್. ಮುಂದೊಗಲು ಕೆಳಗಡೆ ಇಲ್ಲದೆ ಮೇಲ್ಗಡೆ ಮಾತ್ರ ಕುಲಾವಿಯ ಹಾಗೆ ಗುಡ್ಡೆಯಾಗಿರುತ್ತದೆ. ಕೆಲವು ಮಕ್ಕಳಲ್ಲಿ ಶಿಶ್ನ ಕೆಳಕ್ಕೆ ಬಾಗಿರುತ್ತದೆ. ಈ ಬಾಗನ್ನು ವೈದ್ಯರು ಕಾರ್ಡಿ ಎನ್ನುತ್ತಾರೆ. 200ರಿಂದ 300 ಗಂಡುಮಕ್ಕಳಿಗೆ ಒಬ್ಬನಂತೆ ಇದು ಕಾಣಿಸುತ್ತದೆ, ಅಂದರೆ ಅಪರೂಪವೇನೂ ಅಲ್ಲ. ಹತ್ತರಲ್ಲಿ ಏಳರಷ್ಟು ಮಕ್ಕಳಲ್ಲಿ ದ್ವಾರ ತುದಿಯ ಹತ್ತಿರವೇ ಇರುತ್ತದೆ. ಉಳಿದವರಲ್ಲಿ ಅದು ನಡುಭಾಗದಲ್ಲಿಯೋ, ವೃಷಣಚೀಲ ಸೇರುವ ಜಾಗದಲ್ಲಿಯೋ, ಇನ್ನೂ ಕೆಳಗೋ ಇರಬಹುದು.

ಯಾಕಾಯಿತು ಎಂಬ ಪ್ರಶ್ನೆಗೆ ಬಹುಪಾಲು ಮಕ್ಕಳ ವಿಷಯದಲ್ಲಿ ಇದಮಿತ್ಥಂ ಎಂಬ ಉತ್ತರವಿಲ್ಲ. ಕೆಲವು ಮನೆಗಳಲ್ಲಿ ತಂದೆಗೋ ಅಣ್ಣನಿಗೋ ಇದ್ದಿರುತ್ತದೆ. ಕಡಿಮೆ ತೂಕದಲ್ಲಿ ಹುಟ್ಟಿದ ಮಕ್ಕಳಲ್ಲಿ ಹೆಚ್ಚಾಗಿ ಕಾಣುತ್ತದೆ. ಬಸುರಿಯಾಗಿದ್ದಾಗ ತಾನೇನೋ ತಿಂದೆ, ಎಲ್ಲೋ ಎಡವಿದೆ ಎಂದು ಕೊರಗುವ ತಾಯಿಗೆ ‘ನಿನ್ನಿಂದ ಆದದ್ದಲ್ಲವಮ್ಮ’ ಎಂದು ಮೊದಲ ದಿನವೇ ಬಾಯಿಬಿಟ್ಟು ಹೇಳಿ. ಕೇಳಿದರೆ ಹೇಳೋಣ ಎಂದು ಕಾಯಬೇಡಿ. ಅವಳು ಕೇಳುವುದಿಲ್ಲ. ಕೇಳದೆಯೇ ವರ್ಷಗಟ್ಟಲೆ ಹೊತ್ತುಕೊಂಡಿರುತ್ತಾಳೆ. ನನ್ನ ತಾಯಿ ಹೊತ್ತಿದ್ದಳು.

ಹೆರಿಗೆ ವಾರ್ಡಿನಲ್ಲಿ ಆಗಬೇಕಾದ ಇನ್ನೆರಡು ಕೆಲಸಗಳಿವೆ. ಮೊದಲನೆಯದು, ಸುನ್ನತಿ ಮಾಡಬಾರದು ಎಂದು ಸ್ಪಷ್ಟವಾಗಿ ಹೇಳಿ, ಮಗುವಿನ ಕಾಗದದ ಮೇಲೆ ದಪ್ಪಕ್ಷರದಲ್ಲಿ ಬರೆಯುವುದು. ಆ ಮುಂದೊಗಲೇ ಮುಂದೆ ನಾಳ ಕಟ್ಟಲು, ಮೇಲೆ ಹೊದಿಸಲು ಬೇಕಾಗುವ ಬಟ್ಟೆ. ಎರಡನೆಯದು, ವೃಷಣಗಳು ಕೈಗೆ ಸಿಗುತ್ತವೆಯೇ ಎಂದು ಮುಟ್ಟಿ ನೋಡುವುದು. ಒಂದೋ ಎರಡೋ ಇಳಿಯದೆ ಇದ್ದು ಜೊತೆಗೆ ಹೈಪೋಸ್ಪೇಡಿಯಾಸ್ ಇದ್ದರೆ ವರ್ಣತಂತು ಮತ್ತು ಹಾರ್ಮೋನ್ ಪರೀಕ್ಷೆಗಳು ಆಗಲೇಬೇಕು. ಎರಡೂ ಕೈಗೆ ಸಿಗದಿದ್ದರಂತೂ ತಡಮಾಡುವಂತಿಲ್ಲ. ಗಂಡೆಂದು ಕಂಡ ಆ ಮಗು ಅಡ್ರಿನಲ್ ಗ್ರಂಥಿಯ ಹುಟ್ಟು ತೊಂದರೆಯಿರುವ ಹೆಣ್ಣುಮಗುವಾಗಿರಬಹುದು. ಅದು ಮೊದಲ ಕೆಲವು ವಾರಗಳಲ್ಲೇ ದೇಹದ ಉಪ್ಪು ಕಳೆದುಕೊಂಡು ಜೀವಕ್ಕೆ ಅಪಾಯ ತಂದುಕೊಳ್ಳಬಹುದು. ಇಲ್ಲಿ ಶಸ್ತ್ರಚಿಕಿತ್ಸೆಯ ಮಾತು ಆಮೇಲಿನದು.

ಇನ್ನು ಆಪರೇಷನ್ ಬೇಕೇ ಬೇಡವೇ ಎಂಬುದು. ಇಲ್ಲಿ ನಿಮ್ಮಲ್ಲಿ ಹಲವರು ಅಡ್ಡಗೋಡೆಯ ಮೇಲೆ ದೀಪ ಇಡುತ್ತೀರಿ. ದ್ವಾರ ಬುಡದ ಹತ್ತಿರವಿದ್ದು, ಬಾಗು ಹೆಚ್ಚಿದ್ದರೆ ವಾದವೇ ಇಲ್ಲ. ನಿಂತು ಮೂತ್ರ ಮಾಡುವುದಕ್ಕೂ ಮುಂದಿನ ದಾಂಪತ್ಯಕ್ಕೂ ಮಕ್ಕಳಾಗುವುದಕ್ಕೂ ಅದರಿಂದ ತೊಡಕಾಗುತ್ತದೆ. ಆದರೆ ದ್ವಾರ ತುದಿಯಿಂದ ಕೂದಲೆಳೆಯಷ್ಟು ಕೆಳಗಿದ್ದು, ಬಾಗು ಇಲ್ಲದೆ, ಧಾರೆ ನೇರವಾಗಿದ್ದರೆ? 1995ರಲ್ಲಿ ಜರ್ಮನಿಯ ವೈದ್ಯರು ಬೇರೆ ಕಾಯಿಲೆಗಳಿಗಾಗಿ ಆಸ್ಪತ್ರೆಗೆ ಬಂದಿದ್ದ 500 ಗಂಡಸರನ್ನು ಪರೀಕ್ಷಿಸಿದ ವರದಿ ಪ್ರಕಟಿಸಿದರು. ದ್ವಾರ ‘ಪುಸ್ತಕದಲ್ಲಿರುವ’ ಜಾಗದಲ್ಲಿ ಇದ್ದದ್ದು ಸುಮಾರು 55 ಶೇಕಡಾ ಜನರಲ್ಲಿ ಮಾತ್ರ. 65 ಮಂದಿಗೆ, ಎಂದರೆ 13 ಶೇಕಡಾ ಜನರಿಗೆ ಹೈಪೋಸ್ಪೇಡಿಯಾಸ್ ಎನ್ನಬಹುದಾದ ಸ್ಥಿತಿಯಿತ್ತು, ಮತ್ತು ಅವರಲ್ಲಿ ಮೂರರಲ್ಲಿ ಎರಡು ಪಾಲು ಜನರಿಗೆ ತಮ್ಮಲ್ಲಿ ಏನೋ ವ್ಯತ್ಯಾಸವಿದೆ ಎಂಬುದೇ ತಿಳಿದಿರಲಿಲ್ಲ. ಸಂಸಾರ ಮಾಡಿಕೊಂಡು, ನಿಂತು ಮೂತ್ರ ಮಾಡಿಕೊಂಡು ಹಾಯಾಗಿದ್ದರು.

ಈ ಸಂಗತಿಯನ್ನು ತಂದೆತಾಯಿಗೆ ಹೇಳಬೇಕೋ ಬೇಡವೋ? ಹೇಳಬೇಕು ಎಂಬುದು ನನ್ನ ಪಕ್ಷ. ‘ಈಗ ಮಾಡಿಸದಿದ್ದರೂ ನಡೆಯುತ್ತದೆ, ಹುಡುಗ ದೊಡ್ಡವನಾಗಿ ತಾನೇ ತೀರ್ಮಾನಿಸಬಹುದು’ ಎಂಬ ದಾರಿಯೂ ಇದೆ ಎಂದು ತಿಳಿದ ಮೇಲೆ ಅವರು ಆಪರೇಷನ್ನಿಗೇ ಒಪ್ಪಿದರೆ ಅದು ನಿಜವಾದ ಒಪ್ಪಿಗೆ. ಮಾಲ್ಟಾ 2015ರಲ್ಲಿ, ಜರ್ಮನಿ 2021ರಲ್ಲಿ, ಲಿಂಗ ಲಕ್ಷಣಗಳು ಭಿನ್ನವಾಗಿರುವ ಮಕ್ಕಳ ಮೇಲೆ ಮುಂದೂಡಬಹುದಾದ ಶಸ್ತ್ರಚಿಕಿತ್ಸೆ ಮಾಡುವುದಕ್ಕೆ ಕಾನೂನಿನ ಕಡಿವಾಣ ಹಾಕಿದವು. ಹೈಪೋಸ್ಪೇಡಿಯಾಸ್ ಅದರೊಳಗೆ ಎಷ್ಟು ಬರುತ್ತದೆ ಎಂಬ ಚರ್ಚೆ ಮುಗಿದಿಲ್ಲ. ಎಲ್ಲವನ್ನೂ ಹದಿನೆಂಟರವರೆಗೆ ತಡೆಹಿಡಿಯಬೇಕು ಎನ್ನುವವರ ಜೊತೆ ನಾನಿಲ್ಲ. ನನ್ನಂಥವನಿಗೆ ಅಲ್ಲಿಯವರೆಗೆ ಕಾಯಿಸಿದ್ದರೆ ಅದೊಂದು ಕ್ರೌರ್ಯವೇ ಆಗುತ್ತಿತ್ತು. ಆದರೆ ತುದಿಯ ಅರ್ಧ ಸೆಂಟಿಮೀಟರಿಗಾಗಿ ಕತ್ತಿ ಎತ್ತುವ ಮೊದಲು ಒಂದು ಗಳಿಗೆ ಕುಳಿತು ಮಾತನಾಡಿ ಎನ್ನುವವರ ಜೊತೆಗಂತೂ ಇದ್ದೇನೆ.

ಆಪರೇಷನ್ ಎಂದು ತೀರ್ಮಾನವಾದರೆ ನೀವು ಹೇಳುವ ವಯಸ್ಸು 6ರಿಂದ 18 ತಿಂಗಳು. ಯುರೋಪಿನ ಮೂತ್ರರೋಗ ತಜ್ಞರ ಸಂಘದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಕಾರಣಗಳಲ್ಲಿ ನೀವು ಯಾವಾಗಲೂ ಕೊಡುವ ಒಂದು, ‘ಮಗುವಿಗೆ ನೆನಪಿರುವುದಿಲ್ಲ’ ಎಂಬುದು. ಒಳ್ಳೆಯ ಕಾರಣವೇ. ನನಗೂ ಮೊದಲ ಆಪರೇಷನ್ನಿನ ನೆನಪು ಚೂರೂ ಇಲ್ಲ, ಅದಕ್ಕೆ ಕೃತಜ್ಞ. ಆದರೆ ಅದರ ಇನ್ನೊಂದು ಮಗ್ಗುಲನ್ನು ನೋಡಿ. ರೋಗಿಗೆ ನೆನಪೇ ಇರಬಾರದು ಎಂದು ವಯಸ್ಸು ಗೊತ್ತುಮಾಡುವವರು ನೀವು. ಹಾಗಿದ್ದ ಮೇಲೆ ಅವನ ಪರವಾಗಿ ನೆನಪಿಟ್ಟುಕೊಳ್ಳುವ ಹೊಣೆಯೂ ನಿಮ್ಮದೇ ಅಲ್ಲವೇ? ಅಪೆಂಡಿಕ್ಸ್ ತೆಗೆಸಿಕೊಂಡ ದೊಡ್ಡವನಿಗೆ ತನಗೇನಾಯಿತು ಎಂದು ಹೇಳಲು ಬಾಯಿದೆ. ನಮಗೆ ಇರುವುದು ಕಲೆ ಮಾತ್ರ.

ನಿಮ್ಮ ಕೆಲಸ ಎಷ್ಟು ನವಿರಾದದ್ದು ಎಂದು ನಾನು ಆಮೇಲೆ ಓದಿ ತಿಳಿದುಕೊಂಡೆ. ಕನ್ನಡಕಕ್ಕೆ ಭೂತಗನ್ನಡಿ ಜೋಡಿಸಿಕೊಂಡು, ಕೂದಲಿನಷ್ಟು ತೆಳುವಾದ, ತಾನೇ ಕರಗುವ ದಾರದಲ್ಲಿ, ಕಿರುಬೆರಳಿನ ತುದಿಯಷ್ಟು ಜಾಗದಲ್ಲಿ ಹೊಲಿಗೆ ಹಾಕುತ್ತೀರಿ. ಮೊದಲು ಚರ್ಮವನ್ನು ಬುಡದವರೆಗೆ ಬಿಡಿಸಿ, ಉಪ್ಪುನೀರು ತುಂಬಿ ಬಾಗು ನಿಜಕ್ಕೂ ಎಷ್ಟಿದೆ ಎಂದು ನೋಡುತ್ತೀರಿ. 1974ರಲ್ಲಿ ವೈದ್ಯರಾದ ಗಿಟೆಸ್ ಮತ್ತು ಮೆಕ್‌ಲಾಫ್ಲಿನ್ ಈ ಪರೀಕ್ಷೆಯನ್ನು ಹೇಳಿಕೊಡುವ ಮೊದಲು ಬಾಗು ಹೋಯಿತೋ ಇಲ್ಲವೋ ಎಂಬುದು ಬರೀ ಅಂದಾಜಿನ ಮಾತಾಗಿತ್ತು. ಬಾಗು ಕಡಿಮೆಯಿದ್ದರೆ ಮೇಲ್ಗಡೆ ಮಡಿಕೆ ಹೊಲಿದು ನೆಟ್ಟಗೆ ಮಾಡುತ್ತೀರಿ. ಹೆಚ್ಚಿದ್ದರೆ ಕೆಳಗಡೆ ನಾಳವಾಗಿ ಕೂಡಿಕೊಳ್ಳದೆ ಉಳಿದ ಪಟ್ಟಿಯನ್ನೇ ಕತ್ತರಿಸಬೇಕಾಗುತ್ತದೆ. ಆಗ ನಾಳಕ್ಕೆ ಹೊಸ ಸಾಮಗ್ರಿ ಹುಡುಕಬೇಕು.

ಈ ಸಾಮಗ್ರಿಯ ಹುಡುಕಾಟವೇ ನಿಮ್ಮ ಶಾಸ್ತ್ರದ ಚರಿತ್ರೆ. ಇನ್ನೂರಕ್ಕೂ ಹೆಚ್ಚು ವಿಧಾನಗಳು ದಾಖಲಾಗಿವೆ. ಒಂದು ಕಾಯಿಲೆಗೆ ಇಷ್ಟೊಂದು ಔಷಧಿ ಇದೆ ಎಂದರೆ ಯಾವುದೂ ಪೂರ್ತಿ ನಾಟುವುದಿಲ್ಲ ಎಂದೇ ಅರ್ಥ. 1932ರಲ್ಲಿ ಮಾಥ್ಯೂ ದ್ವಾರದ ಕೆಳಗಿನ ಚರ್ಮವನ್ನೇ ಮೇಲಕ್ಕೆ ಮಗುಚಿ ಹೊಲಿದರು. 1980ರ ಸುಮಾರಿಗೆ ಅಮೆರಿಕದ ಡಕೆಟ್ ಮುಂದೊಗಲಿನ ಒಳಪದರವನ್ನು ರಕ್ತನಾಳ ಸಮೇತ ಕೆಳಕ್ಕೆ ತಿರುಗಿಸಿ ಕೊಳವೆ ಮಾಡಿದರು. 1994ರಲ್ಲಿ ಸ್ನಾಡ್‌ಗ್ರಾಸ್, ಇರುವ ಪಟ್ಟಿಯನ್ನೇ ನಡುವೆ ಉದ್ದಕ್ಕೆ ಸೀಳಿ ಅಗಲ ಮಾಡಿ, ಸಣ್ಣ ನಳಿಕೆಯ ಸುತ್ತ ಸುತ್ತಿ ಹೊಲಿಯುವ ದಾರಿ ತೋರಿಸಿದರು. ಇಂದು ತುದಿಯ ಹತ್ತಿರದ ತೊಂದರೆಗೆ ಜಗತ್ತಿನ ಹೆಚ್ಚಿನ ಕಡೆ ಮಾಡುವುದು ಇದನ್ನೇ. ತೀವ್ರವಾದದ್ದಕ್ಕೆ ಬ್ರಿಟನ್ನಿನ ಬ್ರಾಕಾ 1995ರಲ್ಲಿ ವಿವರಿಸಿದ ಎರಡು ಹಂತದ ವಿಧಾನ ಇದೆ. ಮೊದಲ ಸಲ ಮುಂದೊಗಲಿನ ಒಳಪದರವನ್ನೋ ಕೆನ್ನೆಯ ಒಳಪದರವನ್ನೋ ತಂದು ಕಸಿ ಮಾಡಿ ಬಿಡುವುದು, ಅದು ಊರಿಕೊಂಡ ಮೇಲೆ ಸುಮಾರು ಆರು ತಿಂಗಳಿಗೆ ಅದನ್ನು ಕೊಳವೆಯಾಗಿ ಮುಚ್ಚುವುದು. ಕೆನ್ನೆಯ ಒಳಪದರ ಸದಾ ತೇವದಲ್ಲಿರುವಂಥದ್ದು, ಕೂದಲು ಬೆಳೆಯದಂಥದ್ದು, ಬಾಯಿಯ ಗಾಯವೂ ಬೇಗ ಮಾಯುತ್ತದೆ. ಇಂಥ ಬಳಕೆಯ ಬಗ್ಗೆ 1941ರಲ್ಲಿಯೇ ಹಂಬಿ ಬರೆದಿದ್ದರೂ ಅದು ಎಲ್ಲರ ಕೈಗೆ ಬರಲು ದಶಕಗಳೇ ಬೇಕಾದವು.

‘ಕೂದಲು ಬೆಳೆಯದಂಥದ್ದು’ ಎಂದೆ. ಅದನ್ನು ಸುಮ್ಮನೆ ಬರೆದದ್ದಲ್ಲ. ಹಿಂದೆ ವೃಷಣಚೀಲದ ಕಡೆಯ ಚರ್ಮ ಸೇರಿಸಿ ನಾಳ ಕಟ್ಟುತ್ತಿದ್ದರು. ಮಗುವಿನ ಚರ್ಮ ನುಣುಪು, ಆಗ ಏನೂ ಕಾಣುವುದಿಲ್ಲ. ಹದಿನಾಲ್ಕು ಹದಿನೈದಕ್ಕೆ ಆ ಚರ್ಮದಲ್ಲಿ ಕೂದಲು ಬರುತ್ತದೆ, ನಾಳದ ಒಳಗೇ ಬರುತ್ತದೆ. ಅದರ ಸುತ್ತ ಲವಣ ಕಟ್ಟಿ ಕಲ್ಲಾಗುತ್ತದೆ, ಸೋಂಕು ಮರುಕಳಿಸುತ್ತದೆ. ಆಪರೇಷನ್ ಮಾಡಿದವರಿಗೆ ಇದು ತಿಳಿಯುವುದು ಹೇಗೆ? ಅವರ ಫೈಲಿನಲ್ಲಿ ಆ ಹುಡುಗ ಐದನೆಯ ವರ್ಷಕ್ಕೇ ‘ಉತ್ತಮ ಫಲಿತಾಂಶ’ ಆಗಿಬಿಟ್ಟಿದ್ದಾನೆ.

ಆಪರೇಷನ್ ಆದ ಮೇಲಿನ ದಿನಗಳ ಬಗ್ಗೆ ತಂದೆತಾಯಿಗೆ ನೀವು ಹೇಳಿಕಳಿಸುವುದು ಸಾಲದು. ನನ್ನ ಸೋದರಳಿಯನಿಗೂ ಇದೇ ಆಪರೇಷನ್ ಆಯಿತು, ಆಗ ಹತ್ತಿರದಿಂದ ನೋಡಿದೆ. ಒಂದರ ಮೇಲೊಂದು ಎರಡು ಡೈಪರ್. ಒಳಗಿನದಕ್ಕೆ ತೂತು ಮಾಡಿ ಸಣ್ಣ ನಳಿಕೆಯನ್ನು ಹೊರಕ್ಕೆ ಎಳೆದು, ಮೂತ್ರ ಹೊರಗಿನ ಡೈಪರ್‌ಗೆ ತೊಟ್ಟಿಕ್ಕುವ ಹಾಗೆ ಮಾಡಿದ್ದರು. ಹೀಗೆ ಒಂದು ವಾರ, ಕೆಲವರಿಗೆ ಅದಕ್ಕಿಂತ ಹೆಚ್ಚು. ನಡುನಡುವೆ ಮಗು ಇದ್ದಕ್ಕಿದ್ದಂತೆ ಬೆನ್ನು ಬಿಲ್ಲಾಗಿಸಿ ಕಿರುಚುತ್ತಿತ್ತು, ನಳಿಕೆಯ ಪಕ್ಕದಿಂದ ಮೂತ್ರ ಚಿಮ್ಮುತ್ತಿತ್ತು. ಹೊಲಿಗೆ ಬಿಟ್ಟುಹೋಯಿತು ಎಂದು ನನ್ನ ತಂಗಿ ಕೈಕಾಲು ಬಿಟ್ಟಿದ್ದಳು. ಅದು ನಳಿಕೆಯ ಕಿರಿಕಿರಿಗೆ ಮೂತ್ರಕೋಶ ಹಿಡಿದುಕೊಳ್ಳುವುದು, ಅದಕ್ಕೆ ಔಷಧಿ ಇದೆ, ಹೆದರಬೇಡಿ ಎಂದು ರಾತ್ರಿಪಾಳಿಯ ನರ್ಸ್ ಫೋನಿನಲ್ಲಿ ಹೇಳಿದಳು. ಡ್ರೆಸ್ಸಿಂಗ್ ಬಿಚ್ಚಿದ ದಿನ ಊದಿಕೊಂಡು ನೇರಳೆಗಟ್ಟಿದ ಅಂಗವನ್ನು ಕಂಡು ಭಾವ ಕುರ್ಚಿ ಹಿಡಿದು ಕುಳಿತ. ಮೊದಮೊದಲು ಹಾಗೆಯೇ ಕಾಣುತ್ತದೆ, ವಾರಗಳಲ್ಲಿ ಇಳಿಯುತ್ತದೆ ಎಂಬ ಒಂದು ಮಾತನ್ನು ಹಿಂದಿನ ದಿನವೇ ಹೇಳಿದ್ದರೆ ಆ ಕುರ್ಚಿ ಬೇಕಾಗುತ್ತಿರಲಿಲ್ಲ.

ಈಗ ಅಂಕಿಗಳ ವಿಷಯ. ತುದಿಯ ಹತ್ತಿರದ ತೊಂದರೆಗೆ ನುರಿತವರು ಮಾಡಿದರೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಕ್ಕಳಿಗೆ ಒಂದೇ ಸಲಕ್ಕೆ ಮುಗಿಯುತ್ತದೆ. ಬುಡದ ಹತ್ತಿರದ್ದಕ್ಕೆ ಆ ಮಾತು ನಡೆಯುವುದಿಲ್ಲ. ಮೂರರಲ್ಲಿ ಒಬ್ಬನಿಗೆ, ಕೆಲವು ವರದಿಗಳ ಪ್ರಕಾರ ಅರ್ಧದಷ್ಟು ಮಕ್ಕಳಿಗೆ ಮತ್ತೊಂದು ಆಪರೇಷನ್ ಬೇಕಾಗುತ್ತದೆ. ಹೊಲಿಗೆಯ ನಡುವೆ ಸಣ್ಣ ತೂತು ಉಳಿದು ಫಿಸ್ಟುಲಾ ಆಗುವುದು, ದ್ವಾರ ಕಿರಿದಾಗುವುದು, ನಾಳದೊಳಗೆ ಕಲೆ ಕಟ್ಟಿ ಬಿಗಿಯುವುದು, ನಾಳ ಚೀಲದಂತೆ ಉಬ್ಬುವುದು, ಬಾಗು ಮರಳಿ ಬರುವುದು, ಇವೆಲ್ಲ ನಿಮಗೆ ಗೊತ್ತಿರುವ ಹೆಸರುಗಳು. ಹುಡುಗನಿಗೆ ಅದು ಹೇಗೆ ಕಾಣುತ್ತದೆ ಎಂದು ನಾನು ಹೇಳುತ್ತೇನೆ. ಶಾಲೆಯ ಮೂತ್ರಾಲಯದಲ್ಲಿ ಒಂದು ಧಾರೆ ಗೋಡೆಗೆ ಹೋಗುತ್ತದೆ, ಇನ್ನೊಂದು ಎಳೆ ನೇರವಾಗಿ ಎಡಗಾಲಿನ ಶೂ ಮೇಲೆ ಬೀಳುತ್ತದೆ. ಪಕ್ಕದವನು ನೋಡುತ್ತಾನೆ. ಮರುದಿನದಿಂದ ಆ ಹುಡುಗ ಮಧ್ಯಾಹ್ನದವರೆಗೆ ನೀರು ಕುಡಿಯುವುದಿಲ್ಲ, ಅಥವಾ ಬಾಗಿಲಿರುವ ಕಡೆಯೇ ಹೋಗುತ್ತಾನೆ. ಮನೆಯಲ್ಲಿ ಹೇಳುವುದಿಲ್ಲ. ಆಪರೇಷನ್ ಆಗಿ ‘ಸರಿಹೋಗಿದೆ’ ಎಂದು ಮನೆಯವರು ಸಮಾಧಾನವಾಗಿರುವಾಗ ಅವರ ಸಮಾಧಾನ ಕೆಡಿಸುವ ಧೈರ್ಯ ಹತ್ತು ವರ್ಷದವನಿಗೆ ಎಲ್ಲಿಂದ ಬರಬೇಕು?

ಪ್ರಕಟವಾದ ಅಂಕಿಗಳು ಪ್ರಕಟಿಸಿದವರ ಕೈಯವು. ನಿಮ್ಮ ಮುಂದೆ ಕುಳಿತ ತಂದೆಗೆ ಬೇಕಾದದ್ದು ನಿಮ್ಮ ಅಂಕಿ. ವರ್ಷಕ್ಕೆ ಎಷ್ಟು ಮಾಡುತ್ತೀರಿ, ಅದರಲ್ಲಿ ಎಷ್ಟು ಮಕ್ಕಳು ಮತ್ತೆ ಮೇಜಿಗೆ ಬಂದರು? ಈ ಪ್ರಶ್ನೆ ಕೇಳಿದರೆ ಕೆಲವರಿಗೆ ಮುಖ ಬಿಗಿಯುತ್ತದೆ. ಅಪರೂಪಕ್ಕೊಮ್ಮೆ ಮಾಡುವವರಿಗಿಂತ ಇದನ್ನೇ ಹೆಚ್ಚಾಗಿ ಮಾಡುವವರ ಕೈಯಲ್ಲಿ ಫಲಿತಾಂಶ ಚೆನ್ನಾಗಿರುತ್ತದೆ ಎಂಬುದನ್ನು ನಿಮ್ಮವರೇ ಒಪ್ಪಿಕೊಂಡಿದ್ದಾರೆ. ಲೆಕ್ಕ ಇಡದವರು ಇಡಲು ಶುರುಮಾಡಲಿ. ಬುಡದ ಹತ್ತಿರದ ತೊಂದರೆಗಳನ್ನು ಅಪರೂಪಕ್ಕೆ ಮಾಡುವವರು ಹೆಚ್ಚು ಮಾಡುವವರ ಬಳಿಗೆ ಕಳಿಸಲಿ. ಮೊದಲ ಆಪರೇಷನ್ನಿಗೆ ಸಿಗುವಷ್ಟು ಒಳ್ಳೆಯ ಚರ್ಮ ಎರಡನೆಯದಕ್ಕೆ ಸಿಗುವುದಿಲ್ಲ, ಮೂರನೆಯದಕ್ಕೆ ಇನ್ನೂ ಕಡಿಮೆ. ಹಾಗೆಂದು ಕೆಟ್ಟದ್ದನ್ನು ತಕ್ಷಣ ಸರಿಮಾಡುತ್ತೇವೆ ಎಂದು ಅವಸರಪಡುವುದೂ ಸಲ್ಲದು. ಊತ ಇಳಿದು ಕಲೆ ಮೆತ್ತಗಾಗಲು ಕನಿಷ್ಠ ಆರು ತಿಂಗಳು ಬಿಡಬೇಕು. ಇದನ್ನು ಗಾಬರಿಯಲ್ಲಿರುವ ಮನೆಯವರಿಗೆ ತಾಳ್ಮೆಯಿಂದ ಹೇಳಿ.

ಫಾಲೋಅಪ್‌ಗೆ ಹುಡುಗರೇ ಬರುವುದಿಲ್ಲ ಎಂದು ನೀವು ಹೇಳುತ್ತೀರಿ. ನಿಜ, ಬರುವುದಿಲ್ಲ. ಯಾಕೆಂದು ಕೇಳಿದ್ದೀರಾ? ಹನ್ನೊಂದು ವರ್ಷದ ಹುಡುಗನನ್ನು ಒಂದು ಮಾತೂ ಕೇಳದೆ, ಪರದೆಯನ್ನೂ ಎಳೆಯದೆ, ಕಲಿಯಲು ಬಂದ ಹತ್ತು ಮಂದಿಯ ಎದುರು ಪರೀಕ್ಷಿಸಿ, ಅವರಿಗೆ ಪಾಠ ಹೇಳಿದರೆ ಅವನು ಮತ್ತೆ ಆ ಮೆಟ್ಟಿಲು ಹತ್ತುವುದಿಲ್ಲ. ನಾನು ಹತ್ತಲಿಲ್ಲ. ವಿದ್ಯಾರ್ಥಿಗಳು ಕಲಿಯಬಾರದು ಎನ್ನುತ್ತಿಲ್ಲ. ಅವರು ಕಲಿಯದಿದ್ದರೆ ಮುಂದಿನ ಮಕ್ಕಳಿಗೆ ಯಾರಿದ್ದಾರೆ? ಆದರೆ ‘ಇವರಲ್ಲಿ ಒಬ್ಬರು ಇರಬಹುದೇ?’ ಎಂದು ಹುಡುಗನನ್ನೇ, ಅವನ ಹೆಸರು ಹಿಡಿದು ಕೇಳಿ. ಬೇಡ ಎಂದರೆ ಬೇಡ. ತಂದೆತಾಯಿಯನ್ನೂ ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಅವನೊಬ್ಬನ ಜೊತೆ ಮಾತನಾಡಿ. ಬಟ್ಟೆ ಬಿಚ್ಚಿಸುವುದು ಪ್ರತಿ ಸಲವೂ ಬೇಕಾಗಿಲ್ಲ. ಯಂತ್ರದೊಳಗೆ ಮೂತ್ರ ಮಾಡಿಸಿ ವೇಗದ ಗೆರೆ ನೋಡಿದರೆ ಎಷ್ಟೋ ತಿಳಿಯುತ್ತದೆ: ಗೆರೆ ದುಂಡಗೆ ಏರಿ ಇಳಿದರೆ ಸರಿ, ಚಪ್ಪಟೆಯಾಗಿ ಎಳೆದುಕೊಂಡು ಹೋದರೆ ಎಲ್ಲೋ ಬಿಗಿಯಿದೆ.

ಬಾಗು ಮರಳಿ ಬರುವುದು ಹೆಚ್ಚಾಗಿ ಪ್ರಾಯಕ್ಕೆ ಬರುವ ವರ್ಷಗಳಲ್ಲಿ. ಅಂಗ ಬೆಳೆಯುತ್ತದೆ, ಕಲೆಯಾದ ಭಾಗ ಅದೇ ವೇಗದಲ್ಲಿ ಬೆಳೆಯುವುದಿಲ್ಲ. ಆ ವಯಸ್ಸಿನಲ್ಲಿ ಅದನ್ನು ಹೇಳಿಕೊಳ್ಳಲು ಯಾರೂ ಸಿಗುವುದಿಲ್ಲ. ಮೊಬೈಲ್‌ನಲ್ಲಿ ಹುಡುಕುತ್ತಾನೆ, ಭಯಪಡಿಸುವ ಚಿತ್ರಗಳನ್ನು ನೋಡುತ್ತಾನೆ, ಮುಚ್ಚಿಡುತ್ತಾನೆ. ತೀವ್ರ ತೊಂದರೆಯಿಲ್ಲದವರಿಗೆ ಮದುವೆಗೂ ಮಕ್ಕಳಾಗುವುದಕ್ಕೂ ಸಾಮಾನ್ಯವಾಗಿ ಅಡ್ಡಿಯಿಲ್ಲ ಎಂಬ ಸರಳ ಸತ್ಯವನ್ನು ಬಿಳಿ ಕೋಟು ತೊಟ್ಟವರೊಬ್ಬರು ಆ ವರ್ಷಗಳಲ್ಲಿ ಒಮ್ಮೆ ಹೇಳಿದ್ದರೆ ನನ್ನ ಹದಿಹರೆಯ ಬೇರೆಯೇ ಆಗಿರುತ್ತಿತ್ತು.

ಎಪಿಸ್ಪೇಡಿಯಾಸ್‌ನೊಂದಿಗೆ ಹುಟ್ಟಿದವರನ್ನು ಇಲ್ಲಿ ಮರೆಯುವಂತಿಲ್ಲ. ಅವರಲ್ಲಿ ನಾಳ ತೆರೆದಿರುವುದು ಮೇಲ್ಗಡೆ. ಗಂಡುಮಕ್ಕಳಲ್ಲಿ ಲಕ್ಷಕ್ಕೆ ಒಬ್ಬನಿಗಿಂತಲೂ ವಿರಳ, ಮೂತ್ರಕೋಶವೇ ಹೊಟ್ಟೆಯ ಹೊರಗೆ ತೆರೆದುಕೊಂಡಿರುವ ಸ್ಥಿತಿಯ ನೆಂಟ. ಅಂಗದ ಆಕಾರಕ್ಕಿಂತ ಅವರಿಗೆ ಮೂತ್ರ ಹಿಡಿದಿಟ್ಟುಕೊಳ್ಳುವುದೇ ದೊಡ್ಡ ಪ್ರಶ್ನೆ. ಅವರ ಚಿಕಿತ್ಸೆ ಹಲವು ಹಂತಗಳಲ್ಲಿ ವರ್ಷಾನುಗಟ್ಟಲೆ ನಡೆಯುವುದರಿಂದ ಆಸ್ಪತ್ರೆಯ ನಂಟು ಅಷ್ಟು ಸುಲಭಕ್ಕೆ ಕಡಿಯುವುದಿಲ್ಲ. ಆದರೆ ಮಕ್ಕಳ ವಿಭಾಗದ ವಯಸ್ಸು ದಾಟಿದ ಕೂಡಲೇ ದೊಡ್ಡವರ ವಿಭಾಗದಲ್ಲಿ ‘ಇದೇನು?’ ಎಂದು ಕೇಳುವವರು ಸಿಗುತ್ತಾರೆ. ಮಕ್ಕಳ ತಜ್ಞರೂ ದೊಡ್ಡವರ ತಜ್ಞರೂ ಒಂದೇ ದಿನ ಒಂದೇ ಕೋಣೆಯಲ್ಲಿ ಕೂತು ಅವರನ್ನು ಕೈಯಿಂದ ಕೈಗೆ ದಾಟಿಸುವ ವ್ಯವಸ್ಥೆ ಕೆಲವು ದೊಡ್ಡ ಕೇಂದ್ರಗಳಲ್ಲಿ ಇದೆ. ಎಲ್ಲೆಡೆ ಬೇಕು.

ಮೂವತ್ತು ದಾಟಿದ ಮೇಲೆ ನನ್ನ ಧಾರೆ ಸಣ್ಣದಾಗುತ್ತಾ ಬಂತು. ಹೊಸ ವೈದ್ಯರ ಬಳಿ ಹೋದೆ. ಒಳ್ಳೆಯವರು, ನಿಧಾನವಾಗಿ ಕೇಳಿದರು. ದ್ವಾರ ಮೊದಲು ಎಲ್ಲಿತ್ತು? ಯಾವ ವಿಧಾನ ಮಾಡಿದ್ದರು? ನಾಳಕ್ಕೆ ಎಲ್ಲಿಯ ಚರ್ಮ ಬಳಸಿದ್ದರು? ಒಂದೇ ಹಂತವೋ ಎರಡೋ? ಕೆನ್ನೆಯಿಂದ ತೆಗೆದಿದ್ದರೇ? ಒಂದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಕನ್ನಡಿಯ ಮುಂದೆ ಬಾಯಿ ತೆರೆದು ನನ್ನ ಕೆನ್ನೆಯೊಳಗೆ ಗಾಯದ ಗುರುತು ಹುಡುಕಿದ್ದು ಈಗ ನೆನೆದರೆ ನಗು ಬರುತ್ತದೆ. ಹಳೆಯ ಆಸ್ಪತ್ರೆಗೆ ಬರೆದೆ. ಅಷ್ಟು ಹಿಂದಿನ ಕಡತಗಳನ್ನು ವಿಲೇವಾರಿ ಮಾಡಲಾಗಿದೆ ಎಂಬ ಒಂದು ಸಾಲಿನ ಉತ್ತರ ಬಂತು. ತಾಯಿಯ ಪೆಟ್ಟಿಗೆಯಲ್ಲಿ ಸಿಕ್ಕ ಡಿಸ್ಚಾರ್ಜ್ ಚೀಟಿಯಲ್ಲಿ ಇದ್ದದ್ದು ‘ಹೈಪೋಸ್ಪೇಡಿಯಾಸ್ ದುರಸ್ತಿ ಮಾಡಲಾಗಿದೆ, ಸ್ಥಿತಿ ತೃಪ್ತಿಕರ’ ಎಂದಷ್ಟೇ. ಇನ್ನೂರು ವಿಧಾನಗಳಲ್ಲಿ ಯಾವುದು ಎಂದು ಅದರಿಂದ ಯಾರು ಹೇಳಬಲ್ಲರು? ಒಳಗೆ ಕ್ಯಾಮೆರಾ ಹಾಕಿ ನೋಡಿ, ಎಕ್ಸ್‌ರೇ ತೆಗೆದು, ನನ್ನದೇ ದೇಹವನ್ನು ಅಗೆದು ಇತಿಹಾಸ ಪತ್ತೆಹಚ್ಚಬೇಕಾಯಿತು.

ಇದು ನನ್ನೊಬ್ಬನ ಕುತೂಹಲದ ಪ್ರಶ್ನೆಯಲ್ಲ. ನಾಳೆ ಅಪಘಾತದಲ್ಲಿ ಪ್ರಜ್ಞೆ ತಪ್ಪಿ ಬಿದ್ದರೆ ಮೊದಲು ಮಾಡುವ ಕೆಲಸಗಳಲ್ಲಿ ಒಂದು, ಮೂತ್ರ ಹೊರತೆಗೆಯುವ ನಳಿಕೆಯಾದ ಕ್ಯಾತಿಟರ್ ಹಾಕುವುದು. ಕಟ್ಟಿದ ನಾಳಕ್ಕೆ ತಿಳಿಯದೆ ದಪ್ಪ ಕ್ಯಾತಿಟರ್ ತಳ್ಳಿದರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಬುಡದ ಹತ್ತಿರದ ಹೈಪೋಸ್ಪೇಡಿಯಾಸ್ ಇದ್ದವರಲ್ಲಿ ಪ್ರೊಸ್ಟೇಟ್ ಬಳಿ ಒಂದು ಪುಟ್ಟ ಚೀಲ ದೊಡ್ಡದಾಗಿ ಉಳಿದಿರುವುದುಂಟು. ಕ್ಯಾತಿಟರ್ ಮೂತ್ರಕೋಶಕ್ಕೆ ಹೋಗುವ ಬದಲು ಅದರೊಳಗೆ ಹೊಕ್ಕು ನಿಲ್ಲುತ್ತದೆ. ಇದನ್ನು ತಿಳಿಸಲು ಒಂದು ಸಾಲು ಸಾಕು.

ಆದ್ದರಿಂದ, ಒಂದು ಹಾಳೆ. ಹುಟ್ಟಿದಾಗ ದ್ವಾರ ಎಲ್ಲಿತ್ತು, ಬಾಗು ಎಷ್ಟಿತ್ತು, ಯಾವ ದಿನ ಯಾವ ವಿಧಾನ, ನಾಳಕ್ಕೆ ಬಳಸಿದ್ದು ಯಾವ ಭಾಗದ ಚರ್ಮ ಅಥವಾ ಒಳಪದರ, ಮುಂಚೆ ಹಾರ್ಮೋನ್ ಕೊಟ್ಟಿದ್ದರೇ, ಆಮೇಲೆ ಏನು ತೊಂದರೆಯಾಯಿತು, ಅದಕ್ಕೇನು ಮಾಡಿದಿರಿ, ಕ್ಯಾತಿಟರ್ ಹಾಕುವವರಿಗೆ ಎಚ್ಚರಿಕೆಯೇನು, ಮುಂದೆ ಯಾವ ಲಕ್ಷಣ ಕಂಡರೆ ವೈದ್ಯರ ಬಳಿ ಹೋಗಬೇಕು. ವೈದ್ಯರಿಗಾಗಿ ನಿಮ್ಮ ಭಾಷೆಯಲ್ಲಿ ಒಂದು ಮಗ್ಗುಲು, ಹುಡುಗನಿಗಾಗಿ ಅವನ ಭಾಷೆಯಲ್ಲಿ ಇನ್ನೊಂದು ಮಗ್ಗುಲು. ಡಿಸ್ಚಾರ್ಜ್ ದಿನ ತಂದೆತಾಯಿಯ ಕೈಗೆ ಒಂದು ಪ್ರತಿ, ಹದಿನಾರರ ಸುಮಾರಿಗೆ ಹುಡುಗನ ಕೈಗೇ ಇನ್ನೊಂದು. ಓಪಿಡಿಯ ಹೊರಗೆ ಸಾಲು ಬಾಗಿಲವರೆಗೆ ಇದೆ, ಇದಕ್ಕೆಲ್ಲ ಸಮಯವೆಲ್ಲಿದೆ ಎನ್ನುತ್ತೀರಿ. ಆಪರೇಷನ್ ಟಿಪ್ಪಣಿಯನ್ನು ಹೇಗೂ ಬರೆಯುತ್ತೀರಿ; ಅದರ ಪ್ರತಿ ಕಪಾಟು ಸೇರುವ ಬದಲು ನಮ್ಮ ಕೈ ಸೇರಲಿ, ಅಷ್ಟೇ. ಹುಡುಗನ ಭಾಷೆಯ ಮಗ್ಗುಲನ್ನು ವಿಭಾಗಕ್ಕೆ ಒಮ್ಮೆ ಬರೆದಿಟ್ಟುಕೊಂಡರೆ ಮುಂದೆ ಖಾಲಿ ಜಾಗ ತುಂಬಿದರೆ ಮುಗಿಯಿತು.

ತಂದೆತಾಯಂದಿರಿಗೂ ಇಲ್ಲಿಯೇ ಒಂದು ಮಾತು. ಆ ಹಾಳೆಯನ್ನು ಪೆಟ್ಟಿಗೆಯ ತಳದಲ್ಲಿ ಬಚ್ಚಿಡಬೇಡಿ. ಮಗನಿಗೆ ನಾಲ್ಕೈದು ವರ್ಷವಾದಾಗಲೇ, ಸ್ನಾನ ಮಾಡಿಸುವಾಗ, ‘ನೀನು ಚಿಕ್ಕವನಿದ್ದಾಗ ಇಲ್ಲಿ ಡಾಕ್ಟರು ಸರಿಮಾಡಿದ್ದಾರೆ’ ಎಂದು ಮೊಣಕಾಲಿನ ಗಾಯದ ಬಗ್ಗೆ ಹೇಳುವಷ್ಟೇ ಸಹಜವಾಗಿ ಹೇಳಿ. ಆಮೇಲೆ ವಯಸ್ಸಿಗೆ ತಕ್ಕಂತೆ ಸೇರಿಸುತ್ತಾ ಹೋಗಿ. ಯಾವಾಗಲೂ ಗೊತ್ತಿದ್ದ ಸಂಗತಿ ಯಾರನ್ನೂ ಬೆಚ್ಚಿಬೀಳಿಸುವುದಿಲ್ಲ.

ಆಡಳಿತದವರಿಗೆ ಉಳಿದದ್ದು ಒಂದು ಕೋರಿಕೆ. ಮಗುವಾಗಿದ್ದಾಗ ಜನನಾಂಗದ ಶಸ್ತ್ರಚಿಕಿತ್ಸೆಯಾದವರ ಕಡತಗಳನ್ನು ಉಳಿದ ಕಡತಗಳ ಜೊತೆ ಲೆಕ್ಕ ಹಾಕಿ ವಿಲೇವಾರಿ ಮಾಡಬೇಡಿ. ಆ ಮಗು ವಯಸ್ಕನಾಗಿ, ತಾನೇ ಬಂದು ಕೇಳಬಲ್ಲವನಾಗುವವರೆಗಾದರೂ ಇಟ್ಟುಕೊಳ್ಳಿ. ಸ್ಕ್ಯಾನ್ ಮಾಡಿಟ್ಟರೆ ಜಾಗದ ನೆಪವೂ ಉಳಿಯುವುದಿಲ್ಲ. ನಾಶಪಡಿಸುವ ಮೊದಲು ಕೊನೆಯ ವಿಳಾಸಕ್ಕೆ ಒಂದು ಪತ್ರ ಹಾಕಿ, ಬೇಕಾದರೆ ಬಂದು ತೆಗೆದುಕೊಂಡು ಹೋಗಿ ಎಂದು. ಇವುಗಳಲ್ಲಿ ಯಾವುದನ್ನು ಮಾಡುತ್ತೀರಿ, ಯಾವುದನ್ನು ಮಾಡಲಾಗುವುದಿಲ್ಲ, ಯಾಕೆ ಆಗುವುದಿಲ್ಲ ಎಂಬುದನ್ನು ನಿಮ್ಮ ವಿಭಾಗದ ಬಾಗಿಲಲ್ಲಿ ಎಲ್ಲರೂ ಓದುವ ಹಾಗೆ ಬರೆದು ಹಾಕಿದರೆ ಅದನ್ನೇ ಈ ಪತ್ರಕ್ಕೆ ಉತ್ತರ ಎಂದುಕೊಳ್ಳುತ್ತೇನೆ.

ಇಂತಿ,
ನಿಮ್ಮ ಹಳೆಯ ರೋಗಿಗಳಲ್ಲಿ ಒಬ್ಬ